ಬಿಸಿಲೇ ಬಾರದ ಮನೆಯಲ್ಲಿ ಸೊಪ್ಪು ಬೆಳೆಯೋಕೆ ಯಾವ ಎಲ್‌ಇಡಿ? ಬಿಲ್ ಎಷ್ಟು ಬರಬಹುದು?

ಮೆಂತ್ಯಪ್ರಿಯ
ಬೆಂಗಳೂರಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ ನಮ್ಮದು. ಪಕ್ಕದ ಬಿಲ್ಡಿಂಗ್ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬಿಸಿಲು ಒಳಗೆ ಬರೋದೇ ಇಲ್ಲ. ಟೆರೇಸಿನ ಬೀಗದ ಕೈ ಓನರ್ ಹತ್ತಿರ. ಅಡುಗೆಮನೆ ಕಿಟಕಿ ಪಕ್ಕ ಟ್ರೇನಲ್ಲಿ ಮೆಂತ್ಯ, ಕೊತ್ತಂಬರಿ ಹಾಕಿದ್ದೆ. ಮೊಳಕೆಯೇನೋ ಚೆನ್ನಾಗೇ ಬಂತು, ಆದರೆ ವಾರದೊಳಗೆ ನೂಲಿನ ಹಾಗೆ ಉದ್ದುದ್ದ ಎದ್ದು, ಬಿಳಿಚಿಕೊಂಡು ಎಲ್ಲ ಮಲಗಿಬಿಟ್ಟವು. ಆನ್‌ಲೈನಿನಲ್ಲಿ '1000 ವ್ಯಾಟ್' ಅಂತ ಬರೆದಿರುವ ನೇರಳೆ ಬಣ್ಣದ ಗ್ರೋ ಲೈಟ್ ನೋಡಿದೆ. ತಗೊಳ್ಳಲಾ? ಅದನ್ನು ಉರಿಸಿದರೆ ಗೃಹಜ್ಯೋತಿ ಕೈತಪ್ಪುತ್ತದಾ ಅಂತ ಮನೆಯಲ್ಲಿ ಗಲಾಟೆ.

ಫ್ಯೂಸ್‌ವೈರ್
ನಿಜವಾಗಲೂ 1000 ವ್ಯಾಟ್ ಆಗಿದ್ದರೆ ದಿನಕ್ಕೆ 12 ಗಂಟೆಗೆ 12 ಯೂನಿಟ್, ತಿಂಗಳಿಗೆ 360! ಆದರೆ ಆ ಬರಹ ಬರೀ ಬಣ್ಣ. ಅಂಥ ಎಷ್ಟೋ ಲೈಟುಗಳು ಎಳೆಯೋದು 100 ವ್ಯಾಟಿಗಿಂತ ಕಮ್ಮಿ. ಡಬ್ಬದ ಮೇಲಿನ ದೊಡ್ಡ ಅಕ್ಷರ ಬಿಟ್ಟು, ಪ್ಲಗ್ಗಿನಿಂದ ಎಷ್ಟು ಎಳೆಯುತ್ತದೆ ಅಂತ ಹಿಂದೆ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಓದಿ.

ನಿಮಗೆ ಅದೂ ಬೇಡ. ಮಾಮೂಲಿ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಎರಡು ಸಾಕು. ದಿನಕ್ಕೆ 12 ಗಂಟೆ ಅಂದರೆ ಅರ್ಧ ಯೂನಿಟ್ಟೂ ಇಲ್ಲ, ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಮೀರಿದರೆ ಹೆಚ್ಚಾದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಮಾತ್ರ ಪೂರ್ತಿ ಬಿಲ್. ನಿಮ್ಮ ಹಳೇ ಬಿಲ್ ನೋಡಿಕೊಂಡು ಲೆಕ್ಕ ಹಾಕಿ.

ಕುಂಡದಮ್ಮ
ನೇರಳೆ ಲೈಟ್ ತಂದು ಕೈ ಸುಟ್ಟುಕೊಂಡವಳು ನಾನು. ಗಿಡ ಬೆಳೆಯಿತು, ಸುಳ್ಳು ಹೇಳಲ್ಲ, ಎಲೆಗೆ ಕೆಂಪು ನೀಲಿ ಎರಡೂ ಬೇಕಲ್ವಾ. ಆದರೆ ಆ ಬೆಳಕಲ್ಲಿ ಎಲೆ ಹಸಿರೋ ಹಳದಿಯೋ ಗೊತ್ತೇ ಆಗಲ್ಲ. ಹುಳ ಹತ್ತಿದ್ದು ಕಾಣಿಸಿದ್ದು ಟ್ರೇ ಹೊರಗೆ ತಂದಾಗ. ಜೊತೆಗೆ ಹಾಲ್ ಪೂರ್ತಿ ಆರ್ಕೆಸ್ಟ್ರಾ ಸ್ಟೇಜ್ ಥರ! ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಚಿಪ್, ಮೇಲೆ ಹಳದಿ ಲೇಪ, ಅದರಲ್ಲಿ ಸೊಪ್ಪಿಗೆ ಬೇಕಾದ್ದೆಲ್ಲ ಬರುತ್ತದೆ.

ಎಲ್ಲರೂ ತಪ್ಪು ಮಾಡೋದು ದೂರದಲ್ಲಿ. ಟ್ಯೂಬ್ ಗೋಡೆ ಮೇಲೆ, ಟ್ರೇ ನೆಲದ ಮೇಲೆ, ಆಮೇಲೆ ಲೈಟ್ ಸರಿ ಇಲ್ಲ ಅಂತ ಬೈಯೋದು. ನಮ್ಮ ಕಣ್ಣು ಮೋಸ ಮಾಡುತ್ತದೆ. ಬೆಳಕು ಎಷ್ಟು ಬೀಳುತ್ತದೆ ಅಂತ ಅಳೆಯೋದು ಲಕ್ಸ್ ಲೆಕ್ಕದಲ್ಲಿ. ಮಧ್ಯಾಹ್ನದ ಬಿಸಿಲು 1 ಲಕ್ಷ ಲಕ್ಸ್ ಹತ್ತಿರ ಇದ್ದರೆ, ರಾತ್ರಿ ನಾವು ಪೇಪರ್ ಓದೋ ಕೋಣೆಯಲ್ಲಿ 200, 300 ಅಷ್ಟೇ. ಫೋನಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿ ಎಲೆ ಇರುವ ಜಾಗದಲ್ಲಿ ಇಟ್ಟು ನೋಡಿ, ಸೊಪ್ಪಿಗೆ 8,000ದಿಂದ 10,000 ಬಂದರೆ ಖುಷಿಪಡಿ. ಅದಕ್ಕೆ ಟ್ಯೂಬು ಎಲೆಯಿಂದ ಒಂದು ಗೇಣಿಗಿಂತ ಮೇಲಿರಬಾರದು. ಎಲ್‌ಇಡಿ ಅಷ್ಟು ಹತ್ತಿರ ಇದ್ದರೂ ಎಲೆ ಸುಡಲ್ಲ. ಸುತ್ತ ಬಿಳಿ ಥರ್ಮೋಕೋಲ್ ನಿಲ್ಲಿಸಿದರೆ ಪಕ್ಕಕ್ಕೆ ಹೋಗುವ ಬೆಳಕೂ ವಾಪಸ್ ಬರುತ್ತದೆ.

ಸೇವಂತಿಗೆ_ಹೊಲ
ನಮ್ಮ ಚಿಕ್ಕಬಳ್ಳಾಪುರ ಕಡೆ ರಾತ್ರಿ ಬಸ್ಸಲ್ಲಿ ಹೋದರೆ ಸೇವಂತಿಗೆ ಹೊಲದಲ್ಲಿ ಸಾಲಾಗಿ ಬಲ್ಬ್ ಉರಿಯೋದು ಕಾಣುತ್ತದೆ. ಅದನ್ನು ನೋಡಿ ರಾತ್ರಿಯಿಡೀ ಹಾಕೋಣ ಅಂದುಕೊಳ್ಳಬೇಡಿ. ಅದು ಗಿಡಕ್ಕೆ ಊಟ ಅಲ್ಲ. ರಾತ್ರಿ ಉದ್ದ ಆದರೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ, ಗಿಡ ಇನ್ನಷ್ಟು ಎತ್ತರ ಬರಲಿ ಅಂತ ನಾವು ಕತ್ತಲೆ ಮುರಿಯುತ್ತೇವೆ. ನಿಮ್ಮ ಕೊತ್ತಂಬರಿ ಇದಕ್ಕೆ ಉಲ್ಟಾ, ಬೆಳಕಿನ ಹೊತ್ತು ಉದ್ದ ಆದರೆ ಸೊಪ್ಪು ಬಿಟ್ಟು ಬೇಗ ಹೂವಿಗೆ ಓಡುತ್ತದೆ. 12 ಗಂಟೆ ಹಾಕಿ ಆರಿಸಿ. ಟೈಮರ್ ಇಲ್ಲದಿದ್ದರೆ ಮರೆತೇ ಮರೆಯುತ್ತೀರಿ.

ಕಟ್ಟುಸೊಪ್ಪು
ಎಲ್ಲ ಸರಿ ಸ್ವಾಮಿ, ಎರಡು ಟ್ಯೂಬ್, ಟೈಮರ್, ತಿಂಗಳ ಕರೆಂಟು, ಅಷ್ಟರಲ್ಲಿ ಗಾಡಿಯವನ ಹತ್ತಿರ ಎಷ್ಟು ಕಟ್ಟು ಬರುತ್ತದೆ?

ಮೆಂತ್ಯಪ್ರಿಯ
ಕಟ್ಟುಸೊಪ್ಪು ಅವರೇ, ಜಾಸ್ತಿನೇ ಬರುತ್ತದೆ, ಒಪ್ಪಿದೆ :)

ಮೂರು ವಾರದ ವರದಿ: ಹಳೇ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಗೆ ಎರಡು ಟ್ಯೂಬ್ ಕಟ್ಟಿದೆ. ಫೋನಿನಲ್ಲಿ 7,500 ತೋರಿಸಿತು, ಥರ್ಮೋಕೋಲ್ ಇಟ್ಟ ಮೇಲೆ 9,000 ದಾಟಿತು. ಮೆಂತ್ಯ ಈ ಸಲ ಕುಳ್ಳಗೆ, ದಪ್ಪ ದಂಟಾಗಿ ನಿಂತಿದೆ, ನಿನ್ನೆ ಒಂದು ಹಿಡಿ ಕಿತ್ತು ಚಪಾತಿ ಹಿಟ್ಟಿಗೆ ಕಲಸಿದೆವು. ಕೊತ್ತಂಬರಿ ಮಾತ್ರ ಅಲ್ಲೊಂದು ಇಲ್ಲೊಂದು. ಬೀಜ ಒಡೆದು ಎರಡು ಹೋಳು ಮಾಡದೆ ಹಾಗೇ ಚೆಲ್ಲಿದ್ದೆ, ಅದು ಲೈಟಿನ ತಪ್ಪಲ್ಲ ಅಲ್ವಾ?