ಕೈಯಲ್ಲೇ ಓಡಿಸೋ ಹಾಗೆ ಮಾಡಿಸಿದ ವ್ಯಾಗನ್ ಆರ್: ಏನು ರೇಟ್ ಹೇಳಲಿ?

ಕುಂದವಾಡ_ಕೆರೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಪ್ಪಾಜಿಯ ಕಾರು ಮಾರಬೇಕಾಗಿದೆ. ಎಷ್ಟು ಕೇಳೋದು ಅಂತ ಮನೇಲಿ ಯಾರಿಗೂ ತಿಳೀತಿಲ್ಲ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

2019ರ ಜೂನ್‌ನಲ್ಲಿ ತಗೊಂಡ ವ್ಯಾಗನ್ ಆರ್, 1.2 ಪೆಟ್ರೋಲ್, ಎಎಂಟಿ ಗೇರು (ಕ್ಲಚ್ ತುಳಿಯದೆ ತಾನೇ ಬದಲಾಗೋದು). 47,000 ಕಿಲೋಮೀಟರ್ ಓಡಿದೆ, ಒಬ್ಬರೇ ಓನರ್. ಅಪ್ಪಾಜಿಗೆ ಮೂರು ವರ್ಷವಿದ್ದಾಗ ಪೋಲಿಯೊ ಬಂದು ಎರಡೂ ಕಾಲಿನ ಶಕ್ತಿ ಹೋಯ್ತು. ವಿಮಾ ಏಜೆಂಟ್ ಕೆಲಸ. ಇಪ್ಪತ್ತು ವರ್ಷ ಸೈಡ್ ವೀಲ್ ಸ್ಕೂಟರಿನಲ್ಲೇ ಜಗಳೂರು, ಸಂತೇಬೆನ್ನೂರು ಕಡೆ ಹಳ್ಳಿಗಳನ್ನು ಸುತ್ತಿದ್ದಾರೆ. ಮಳೇಲಿ ನೆನೆದು ಬಂದು ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಬಿಚ್ಚಿಡೋದನ್ನ ನೋಡಿ ನೋಡಿ, ನನಗೆ ಕೆಲಸ ಸಿಕ್ಕ ಮೇಲೆ ಹಟ ಹಿಡಿದು ಕಾರು ಕೊಡಿಸಿದ್ವಿ.

ಕಾರಿನಲ್ಲಿ ಮಾಡಿಸಿರೋದು ಇಷ್ಟು. ಸ್ಟೀರಿಂಗಿನ ಬಲಗಡೆ ಕೆಳಗೆ ಒಂದು ಲಿವರ್, ಮುಂದಕ್ಕೆ ಒತ್ತಿದರೆ ಬ್ರೇಕು, ತಮ್ಮ ಕಡೆ ಎಳೆದುಕೊಂಡರೆ ಆಕ್ಸಿಲರೇಟರ್. ಅದಕ್ಕೆ 38,000. ಎಡಗೈ ಒಂದರಲ್ಲೇ ತಿರುಗಿಸೋಕೆ ಸ್ಟೀರಿಂಗ್ ಮೇಲೆ ಗುಂಡನೆ ಹಿಡಿ. ಡ್ರೈವರ್ ಸೀಟು ಬಾಗಿಲ ಕಡೆಗೆ ತಿರುಗೋ ಹಾಗೆ ಮಾಡಿಸಿದ್ದು, 54,000. ಕಾರಿಗೆ ಆನ್ ರೋಡ್ 5,82,000 ಬಿದ್ದಿತ್ತು, ಅಂಗವಿಕಲರಿಗೆ ಇದ್ದ ಜಿಎಸ್‌ಟಿ ರಿಯಾಯಿತಿ ಸಿಕ್ಕಿತ್ತು. ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದೆ. ಎಲ್ಲ ಅಪ್ಪಾಜಿಯ ಪಾಕೆಟ್ ಡೈರಿಯಲ್ಲಿ ಬರೆದಿಟ್ಟಿದೆ.

ಈಗ ಅವರಿಗೆ 66. ಬಲ ಭುಜದ ಕೀಲು ಸವೆದಿದೆ. ಒಂದೊಂದು ಸಲ ಬ್ರೇಕ್ ಒತ್ತುವಾಗಲೂ ಭುಜದ ಮೇಲೇ ಭಾರ ಬೀಳೋದರಿಂದ ಇನ್ನು ಓಡಿಸಬೇಡಿ ಅಂದುಬಿಟ್ಟರು ಡಾಕ್ಟರು. ಮನೇಲಿ ಬೇರೆ ಯಾರಿಗೂ ಡ್ರೈವಿಂಗ್ ಬರಲ್ಲ.

ಪಿ.ಬಿ. ರಸ್ತೆಯಲ್ಲಿ ಹಳೇ ಕಾರು ವ್ಯಾಪಾರ ಮಾಡೋರೊಬ್ಬರ ಹತ್ತಿರ ತೋರಿಸಿದ್ವಿ. ಬಾಗಿಲು ತೆಗೆದವರು ಲಿವರ್ ನೋಡಿದ ತಕ್ಷಣ "ಇದು ಹ್ಯಾಂಡಿಕ್ಯಾಪ್ ಗಾಡಿ" ಅಂದರು, ಎಂಜಿನ್ ಸ್ಟಾರ್ಟ್ ಸಹ ಮಾಡಲಿಲ್ಲ. ಆರ್‌ಸಿಯಲ್ಲಿ "ಇನ್‌ವ್ಯಾಲಿಡ್ ಕ್ಯಾರೇಜ್" ಅಂತಿರೋದನ್ನ ಬೆರಳಿಟ್ಟು ತೋರಿಸಿ, "ನೋಡಿ, ಪೇಪರೇ ಇನ್‌ವ್ಯಾಲಿಡ್ ಇದೆ" ಅಂದರು. 3,20,000ಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲವಂತೆ. ಅಪ್ಪಾಜಿ ಪಕ್ಕದಲ್ಲೇ ಕೂತಿದ್ದರು. ದಾರೀಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದು ಡೈರಿ ತೆಗೆದು ಲೆಕ್ಕ ಹಾಕಿ 4,75,000 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು.

3,20,000 ಸರೀನಾ, 4,75,000 ಸರೀನಾ? ಲಿವರಿನ ಕಿಟ್ ಬಿಚ್ಚಿಸಿ ಮಾಮೂಲಿ ಕಾರಿನ ಹಾಗೆ ಮಾರೋದು ಒಳ್ಳೇದಾ?

ಹುಬ್ಬಳ್ಳಿ_ಹಳೇಗಾಡಿ

ಅಕ್ಕಾರ, ನಾನೂ ಅದ ಧಂದೆ ಮಾಡಾಂವ. ಅವರು ನಿಮ್ಮ ಅಪ್ಪಾರ ಎದುರಿಗೆ ಹಂಗ ಮಾತಾಡಬಾರದಿತ್ತು, ಅದು ತಪ್ಪು. ಆದ್ರ ರೇಟ್ ಯಾಕ ಕಡಿಮಿ ಹೇಳ್ತೀವಿ ಅನ್ನೋದನ್ನ ಬಿಡಿಸಿ ಹೇಳ್ತೀನಿ.

ನಮ್ಮ ಕಡೆ ಗಾಡಿ ನಿಂತಷ್ಟು ದಿನ ಬಡ್ಡಿ ಬೀಳ್ತದ. ಮಾಮೂಲಿ ವ್ಯಾಗನ್ ಆರ್ ತಿಂಗಳದಾಗ ಹೋಗ್ತದ. ನಿಮ್ಮ ಗಾಡಿಗೆ ಬೇಕಾದ ಗಿರಾಕಿ ಆರು ತಿಂಗಳಿಗೆ ಒಬ್ಬರು ಬಂದರೂ ಬಂದರು. ಹಂಗಂತ ನಾವು ಕಿಟ್ ಬಿಚ್ಚಸ್ತೀವಿ, ಸೀಟು ಬದಲು ಮಾಡಸ್ತೀವಿ, ಆರ್‌ಟಿಓದಾಗ ಗಾಡಿ ಕ್ಲಾಸ್ ಬದಲು ಮಾಡಿ ಮಾಮೂಲಿ ಕಾರ್ ಅಂತ ಬರಸ್ತೀವಿ. ಅದಕ್ಕೆಲ್ಲ ಮೂವತ್ತು ನಲವತ್ತು ಸಾವಿರ ಮೊದಲಽ ಹಿಡಿದು ಕಳೀತೀವಿ. ನೀವು ಹಾಕಿಸಿದ್ದು ನಿಮಗ ಖರ್ಚು, ತಗಿಸೋದು ನಮಗ ಖರ್ಚು. ಅಲಾಯ್ ವೀಲ್, ಮ್ಯೂಸಿಕ್ ಸಿಸ್ಟಮ್ ಇದ್ದರೂ ನಾವು ಅದಕ್ಕ ರೊಕ್ಕ ಹಿಡಿಯೂದಿಲ್ಲ, ಖರೆ ಹೇಳ್ತೀನಿ.

ಇನ್ನೊಂದು. 2025ರ ಸೆಪ್ಟೆಂಬರ್ 22ಕ್ಕ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕ ಇಳೀತು, ಮ್ಯಾಲಿನ ಒಂದು ಪರ್ಸೆಂಟ್ ಸೆಸ್ಸೂ ಹೋತು. ನೂರರ ಮಾಲು ಟ್ಯಾಕ್ಸ್ ಸೇರಿ 129 ಇದ್ದದ್ದು 118 ಆತು ಅನ್ರಿ, ಅಂದ್ರ ಎಂಟೂವರೆ ಪರ್ಸೆಂಟ್. ಹೊಸಾದು ಇಳಿದ ಮ್ಯಾಲ ಹಳೇದೂ ಇಳೀಬೇಕಲ್ಲ. ನಿಮ್ಮ ಅಪ್ಪಾರಿಗೆ ಇದರ ಲುಕ್ಸಾನ ಅಷ್ಟಿಲ್ಲ, ಯಾಕಂದ್ರ ಅವರು 2019ರಾಗ ರಿಯಾಯಿತಿ ಮ್ಯಾಲ 18ಕ್ಕಽ ತಗೊಂಡಾರ. ಹಂಗಾಗಿ ಲೆಕ್ಕ ಹಾಕೋವಾಗ ಆವಾಗಿನ ಫುಲ್ ರೇಟ್ ಹಿಡೀಬ್ಯಾಡ್ರಿ, ಕೈಯಿಂದ ಕೊಟ್ಟದ್ದನ್ನ ಹಿಡೀರಿ.

ಟ್ಯಾಕ್ಸ್ ಕಟ್ಟಿದ್ದು ಭಾಳ ಛಲೋ ಆತು. ವಿನಾಯಿತಿ ತಗೊಂಡಿದ್ರ ಮಾಮೂಲಿ ಗಿರಾಕಿಗೆ ಮಾರೋವಾಗ ಅದೂ ಎದ್ದು ಬರ್ತಿತ್ತು. ಕಿಟ್ ಇಲ್ಲದ ಇಂಥಾ ಗಾಡಿ ಮನಿಯಿಂದ ಮನಿಗೆ ಮಾರಿದ್ರ ಈಗ 3,80,000ದ ಆಸುಪಾಸು ಬರಬೇಕು. ನಾವು ತಗೊಂಡ್ರ ಮೂರೂವರಿ.

ಎರಡು_ಕೈ_ಸಾಕು, ತುಮಕೂರು

ಮೇಡಂ, ನಾನು ಹನ್ನೊಂದು ವರ್ಷದಿಂದ ಕೈ ಲಿವರಿನ ಕಾರೇ ಓಡಿಸ್ತಿರೋನು. ದಯವಿಟ್ಟು ಕಿಟ್ ಬಿಚ್ಚಿಸಬೇಡಿ. ಇದನ್ನ ಮೊದಲೇ ಹೇಳಿಬಿಡ್ತೀನಿ.

ಆರ್‌ಸಿ ಮಾತು: ಅದು "ಇನ್‌ವ್ಯಾಲಿಡ್" ಪೇಪರ್ ಅಲ್ಲ. ಹಳೇ ಕಾನೂನಿನಲ್ಲಿ ನಮ್ಮಂಥವರ ಗಾಡಿಗೆ ಇದ್ದ ಹೆಸರೇ "ಇನ್‌ವ್ಯಾಲಿಡ್ ಕ್ಯಾರೇಜ್". 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಆ ಪದ ತೆಗೆದು "ಅಡಾಪ್ಟೆಡ್ ವೆಹಿಕಲ್" ಅಂತ ಹಾಕಿದರು. ನಿಮ್ಮದು ಅದಕ್ಕಿಂತ ಸ್ವಲ್ಪ ಮೊದಲು ರಿಜಿಸ್ಟರ್ ಆದದ್ದು. ಬದಲಾವಣೆ ಆರ್‌ಸಿಯಲ್ಲೇ ನಮೂದಾಗಿದೆ ಅನ್ನೋದು ನಿಮ್ಮ ಗಾಡಿಯ ದೊಡ್ಡ ಬೆಲೆ. ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ತಾಳೆ ಇಲ್ಲದ ಹಾಗೆ ಮಾರ್ಪಾಡು ಮಾಡೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಡೆ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಜೀಪಿಗೆ ಏನೇನೋ ಕಟ್ಟಿಸಿದವರು ಮಾರುವಾಗ ಪರದಾಡೋದು ಇದಕ್ಕೇ. ನಮ್ಮ ಥರದ ಬದಲಾವಣೆಗೆ ಮಾತ್ರ ಕಾನೂನೇ ದಾರಿ ಬಿಟ್ಟಿದೆ. ರಿಯಾಯಿತಿ ಪಡೆದ ಕಾರನ್ನ ಐದು ವರ್ಷ ಮಾರಲ್ಲ ಅಂತ ಅಫಿಡವಿಟ್ ಕೊಟ್ಟಿರ್ತಾರೆ, ಅದೂ 2024ರ ಜೂನ್‌ಗೇ ಮುಗಿದಿದೆ.

ರೇಟಿನ ಮಾತು. ದುಡ್ಡು ಹಾಕಿದವರ ಕಣ್ಣಲ್ಲಿ ನೋಡಿದರೆ ಅಪ್ಪಾಜಿಯ 4,75,000. ಬೇಡದವರ ಕಣ್ಣಲ್ಲಿ ನೋಡಿದರೆ ಡೀಲರಿನ 3,20,000. ಇವೆರಡನ್ನೂ ಬಿಟ್ಟು, ಇದೇ ಗಾಡಿ ಬೇಕಾದವನೊಬ್ಬನ ಜಾಗದಲ್ಲಿ ಕೂತು ನೋಡಿ. ನಿಮ್ಮದು ತಗೊಳ್ಳದೇ ಇದ್ದರೆ ಅವನು ಏನು ಮಾಡಬೇಕು? ಎಎಂಟಿ ಕಾರು ಹುಡುಕಬೇಕು, ಕಿಟ್ ಹಾಕೋರನ್ನ ಹುಡುಕಿ ಗಾಡಿ ಅಲ್ಲೀವರೆಗೆ ಯಾರ ಕೈಲಾದರೂ ಕಳಿಸಬೇಕು, ಆರ್‌ಟಿಓ ಮುಂದೆ ನಿಲ್ಲಿಸಿ ಆರ್‌ಸಿಯಲ್ಲಿ ಹತ್ತಿಸಬೇಕು. ಅದೆಲ್ಲ ಆದಮೇಲೇ ಲೈಸೆನ್ಸ್ ಟೆಸ್ಟು. ಡ್ರೈವಿಂಗ್ ಸ್ಕೂಲುಗಳಲ್ಲಿ ನಮ್ಮ ಥರದ ಗಾಡಿ ಸಿಗೋದು ಅಪರೂಪ, ನಾವು ಕಲಿಯೋದೂ ಟೆಸ್ಟ್ ಕೊಡೋದೂ ನಮ್ಮ ಗಾಡಿಯಲ್ಲೇ. ನನಗೆ ಇಷ್ಟಕ್ಕೆಲ್ಲ ಏಳು ತಿಂಗಳು ಹಿಡಿದಿತ್ತು. ಆ ಏಳು ತಿಂಗಳು ಉಳಿಯುತ್ತೆ ಅನ್ನೋದಕ್ಕೇ ಅವನು ದುಡ್ಡು ಕೊಡೋದು.

ಆದರೆ ಅಂಗವಿಕಲರೆಲ್ಲರೂ ನಿಮ್ಮ ಗಿರಾಕಿಗಳು ಅಂದುಕೋಬೇಡಿ. ಎಡಗಾಲು ಮಾತ್ರ ಇಲ್ಲದವರಿಗೆ ಬರೀ ಎಎಂಟಿ ಕಾರೇ ಸಾಕು, ಕ್ಲಚ್ ಪೆಡಲೇ ಇರಲ್ಲವಲ್ಲ. ಬಲಗಾಲಿನ ತೊಂದರೆ ಇರೋರು ಎಡಗಾಲಿಗೆ ಆಕ್ಸಿಲರೇಟರ್ ಹಾಕಿಸ್ಕೋತಾರೆ. ನಿಮ್ಮ ಗಾಡಿ ಎರಡೂ ಕಾಲು ಆಗದವರಿಗೆ. ಪೋಲಿಯೊ ಆದವರು ಈಗ ನಮ್ಮ ವಯಸ್ಸಿನೋರೇ ಜಾಸ್ತಿ, ದೇಶದಲ್ಲಿ 2011ರ ನಂತರ ವೈಲ್ಡ್ ಪೋಲಿಯೊ (ಸಹಜವಾಗಿ ಹರಡೋ ವೈರಸ್) ಕೇಸೇ ಬಂದಿಲ್ಲ, ದೇವರು ದೊಡ್ಡವನು. ಹಾಗಾಗಿ ನಿಮಗೆ ಸಿಗೋ ಗಿರಾಕಿ ಹೆಚ್ಚಾಗಿ ಬೆನ್ನುಹುರಿಗೆ ಪೆಟ್ಟಾದವರು. ಅವರಿಗೆ ಲಿವರಿಗಿಂತ ಆ ತಿರುಗೋ ಸೀಟು ಮುಖ್ಯ, ವೀಲ್ ಚೇರಿಂದ ಜಾರಿ ಕೂರೋದು ಸುಲಭ ಆಗುತ್ತೆ. ಫೋಟೋ ಹಾಕುವಾಗ ಸೀಟು ಹೊರಕ್ಕೆ ತಿರುಗಿರೋದನ್ನ ಮೊದಲು ಹಾಕಿ.

ನನ್ನ ಲೆಕ್ಕ: ಹುಬ್ಬಳ್ಳಿಯವರು ಹೇಳಿದ 3,80,000 ಬುನಾದಿ. ಲಿವರ್ ಸವೆಯೋ ವಸ್ತು, ಅದಕ್ಕೆ 15,000. ಸೀಟಿಗೆ ಅರ್ಧ ಹಿಡಿದು 27,000. 4,22,000 ಆಯ್ತು. 4,30,000 ಹೇಳಿ, ನಾಲ್ಕಕ್ಕಿಂತ ಕೆಳಗೆ ಇಳೀಬೇಡಿ. ಮೂರು ತಿಂಗಳು ಕಾಯೋಕೆ ಆಗದಿದ್ದರೆ ಮಾತ್ರ ಕಿಟ್ ಬಿಚ್ಚಿಸೋ ಯೋಚನೆ ಮಾಡಿ.

ತುಂಗಾ_ತೀರದ_ಮೆಕ್ಯಾನಿಕ್, ಶಿವಮೊಗ್ಗ

ತೋರಿಸೋಕೆ ಮುಂಚೆ ಮೂರು ಕೆಲಸ ಮಾಡಿಸಿ. ಲಿವರ್ ರಾಡು ಪೆಡಲಿಗೆ ಕಚ್ಚಿರೋ ಕ್ಲಾಂಪಿನ ಬೋಲ್ಟುಗಳನ್ನ ಬಿಗಿ ಮಾಡಿಸಿ. ಕೀಲಿನ ಬುಷ್ (ಒಳಗಿನ ಬಳೆ) ಸವೆದಿದ್ದರೆ ಲಿವರ್ ಲಟಲಟ ಅನ್ನುತ್ತೆ, ಬದಲಾಯಿಸಿ, ದುಬಾರಿ ಏನಲ್ಲ. ಸೀಟಿನ ಲಾಕ್ ಒಂದೇ ಸಲಕ್ಕೆ ಕಚ್ಚಿಕೊಳ್ಳುತ್ತಾ ನೋಡಿ. ಬ್ರೇಕಿನ ಜೀವ ಆ ಲಿವರಿನಲ್ಲಿದೆ, ಇಲ್ಲಿ ಲೋಪ ಇಟ್ಟುಕೊಂಡು ಮಾರಬಾರದು. ಕಿಟ್‌ನ ಬಿಲ್, ಎಆರ್‌ಎಐ (ಗಾಡಿ ಟೆಸ್ಟ್ ಮಾಡೋ ಸಂಸ್ಥೆ) ಒಪ್ಪಿಗೆಯ ಕಾಗದ ಇದ್ದರೆ ಹುಡುಕಿಡಿ. ಇನ್ಶೂರೆನ್ಸಿನಲ್ಲಿ ಕಿಟ್ಟು, ಸೀಟು ನಮೂದಾಗಿವೆಯಾ ಅದನ್ನೂ ನೋಡಿ. ಐದು ವರ್ಷ ದಾಟಿದ ಗಾಡಿಯ ಐಡಿವಿ (ಇನ್ಶೂರೆನ್ಸಿನಲ್ಲಿ ಹಾಕೋ ಗಾಡಿ ಬೆಲೆ) ಇನ್ಶೂರೆನ್ಸ್ ಕಂಪನಿಯೂ ನೀವೂ ಮಾತಾಡಿ ಒಪ್ಪಿದ್ದಷ್ಟೇ, ಅದನ್ನ ಮಾರೋ ರೇಟ್ ಅಂದುಕೋಬೇಡಿ.

ಕುಂದವಾಡ_ಕೆರೆ, ದಾವಣಗೆರೆ (ಹತ್ತು ವಾರದ ನಂತರ)

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ಕಾರು ಹೋಯ್ತು, 4,10,000ಕ್ಕೆ.

ತುಮಕೂರಿನ ಸರ್ ಬರೆದದ್ದನ್ನ ಅಪ್ಪಾಜಿಗೆ ಪೂರ್ತಿ ಓದಿ ಹೇಳಿದೆ. "ಏಳು ತಿಂಗಳು" ಅನ್ನೋದನ್ನ ಎರಡು ಸಲ ಓದಿಸಿದರು. ಆಮೇಲೆ ತಾವೇ ಡೈರಿಯಲ್ಲಿ 4,75,000 ಹೊಡೆದುಹಾಕಿ 4,30,000 ಅಂತ ಬರೆದರು. ಬುಷ್ ಬದಲಾಯಿಸಿದ್ವಿ, 900 ರೂಪಾಯಿ ಆಯ್ತು. ಲಿವರಿನ ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ಕಪ್ಪು ರಬ್ಬರ್ ಹಾಕಿಸಿದ್ದು, ಹೆಬ್ಬೆರಳು ಕೂರೋ ಜಾಗದಲ್ಲಿ ಸವೆದು ಒಂದು ಗುಳಿ ಬಿದ್ದಿತ್ತು. ಹೊಸದು ಹಾಕಿಸೋಣ ಅಂದೆ. ಬೇಡ, ತಗೊಳ್ಳೋರ ಕೈ ನೋಡಿ ಅವರೇ ಹಾಕಿಸಿಕೊಳ್ಳಲಿ ಅಂದರು.

ಒಂದು ತಿಂಗಳು ಬಂದ ಫೋನೆಲ್ಲ ಕಿಟ್ ಬಿಚ್ಚಿ ಕೊಡ್ತೀರಾ ಅಂತಲೇ. ಐದನೇ ವಾರ ಚನ್ನಗಿರಿ ಕಡೆಯಿಂದ ಒಬ್ಬರು ಫೋನ್ ಮಾಡಿದರು. ನಾಲ್ಕು ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ, ವಯಸ್ಸು ಮೂವತ್ತನಾಲ್ಕು. ತಮ್ಮನ ಜೊತೆ ಬಾಡಿಗೆ ಗಾಡೀಲಿ ಬಂದರು, ಹೆಂಡತಿಯೂ ಬಂದಿದ್ದರು. ಸರ್ ಹೇಳಿದ್ದು ನಿಜ. ಲಿವರ್ ಕಡೆ ಆಮೇಲೆ ನೋಡಿದರು, ಮೊದಲು ಸೀಟು. ವೀಲ್ ಚೇರಿಂದ ಜಾರಿ ಸೀಟಿಗೆ ಬಂದು, ತಾವೇ ಕಾಲೆತ್ತಿ ಒಳಗಿಟ್ಟುಕೊಂಡು, ಸೀಟು ತಿರುಗಿಸಿ ಲಾಕ್ ಮಾಡಿದರು. ಹೆಂಡತಿ ಹಿಡಿಯೋಕೆ ಮುಂದೆ ಬಂದೋರು ಹಾಗೇ ನಿಂತುಬಿಟ್ಟರು. ಇಷ್ಟು ದಿನ ಅವರನ್ನ ಎತ್ತಿ ಕೂರಿಸ್ತಿದ್ದುದು ಆ ತಮ್ಮನೇ.

ಅವರಿಗೆ ಎದೆ ಮಟ್ಟದಲ್ಲಿ ಹಿಡಿತ ಕಡಿಮೆ, ತಿರುವಿನಲ್ಲಿ ವಾಲದ ಹಾಗೆ ಎದೆಗೆ ಇನ್ನೊಂದು ಬೆಲ್ಟ್ ಬೇಕಾಗುತ್ತೆ. ಅದನ್ನ ಅಪ್ಪಾಜಿಯೇ ಗಮನಿಸಿ ಹೇಳಿ, ಅದರ ಖರ್ಚಿಗೆ ಅಂತ ತಾವಾಗಿ ರೇಟ್ ಇಳಿಸಿದರು. ನಾನು ಚೌಕಾಸಿಗೆ ರೆಡಿಯಾಗಿ ಕೂತಿದ್ದೆ, ಅದರ ಅಗತ್ಯವೇ ಬೀಳಲಿಲ್ಲ. ಓನರ್ ಹೆಸರು ಬದಲಾಯಿಸೋ 29, 30ನೇ ಫಾರಂಗಳಿಗೆ ಸಹಿ ಆಯ್ತು. ಅವರದೂ ಎರಡು ಕಾಲಿನದೇ ತೊಂದರೆ ಆದ್ದರಿಂದ ಗಾಡಿ ಕ್ಲಾಸ್ ಬದಲಾಯಿಸೋ ಕೆಲಸವೂ ಇಲ್ಲ.

ಗಾಡಿ ಒಯ್ಯೋ ದಿನ ಅಪ್ಪಾಜಿ ಹೈಸ್ಕೂಲ್ ಮೈದಾನಕ್ಕೆ ಅವರನ್ನ ಕರೆಸಿಕೊಂಡು, ಎಂಜಿನ್ ಆಫ್ ಇಟ್ಟುಕೊಂಡೇ ಒಂದು ಗಂಟೆ ಹೇಳಿಕೊಟ್ಟರು. ಒತ್ತುವಾಗ ಭುಜ ಎತ್ತಬೇಡಿ, ಮೊಣಕೈ ಮೈಗೆ ಅಂಟಿಸಿಕೊಳ್ಳಿ, ನಾನು ಎತ್ತಿ ಎತ್ತಿಯೇ ಕೀಲು ಹಾಳು ಮಾಡಿಕೊಂಡೆ ಅಂತ ನಾಲ್ಕೈದು ಸಲ ಹೇಳಿದರು. ಅವರಿಗಿನ್ನೂ ಎಲ್‌ಎಲ್ಲೂ (ಕಲಿಯೋರ ಲೈಸೆನ್ಸ್) ಆಗಿಲ್ಲ, ಹಾಗಾಗಿ ಊರಿಗೆ ತಮ್ಮ ಓಡಿಸಿಕೊಂಡು ಹೋದರು, ಮಾಮೂಲಿ ಕಾಲಿನ ಪೆಡಲಿನಲ್ಲೇ. ಪೆಡಲ್ ತುಳಿದಾಗ ಅದಕ್ಕೆ ಸೇರಿದ ರಾಡೂ ಎಳೆಯುತ್ತಲ್ಲ, ಗೇಟಿನ ಹತ್ತಿರ ಗಾಡಿ ನಿಧಾನ ಆದಾಗ ಕಿಟಕಿಯಿಂದ ಕಾಣಿಸ್ತಿತ್ತು, ಯಾರೂ ಮುಟ್ಟದೇನೇ ಲಿವರ್ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಅಪ್ಪಾಜಿ ಅದನ್ನೇ ನೋಡ್ತಿದ್ದರು. "ಬುಷ್ ಚೆನ್ನಾಗಿ ಕೂತಿದೆ, ಸದ್ದಿಲ್ಲ" ಅಂದರು.