ದರ್ಗಾ, ಗುಡಿಗಳಲ್ಲಿ ಮನೋವೈದ್ಯರು ಕೂರಬೇಕೆ?

ತುಂಗಾತೀರ:
ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ ‘ದವಾ-ದುವಾ’ (ಔಷಧಿ ಜೊತೆ ಪ್ರಾರ್ಥನೆ) ಶುರುವಾಯಿತು. ದರ್ಗಾ ನೋಡಿಕೊಳ್ಳುವ ಮುಜಾವರ್ ದುವಾ ಮಾಡಿ, ಅಲ್ಲೇ ಕೂತ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಗಾಳಿ ಸೋಕಿದೆ ಅಂತ ನಮ್ಮ ಜನ ಮೊದಲು ಹೋಗುವುದೂ ಗುಡಿಗೆ, ದರ್ಗಾಕ್ಕೆ. ಇಲ್ಲೂ ಇದು ಬರಬೇಕು.

ನೀಲಾಂಜನ:
ಒಪ್ಪಲಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ದರ್ಗಾ ಊರು ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸತ್ತರು, 28 ಜನ. ಇಂಥ ಕಡೆ ವೈದ್ಯರು ಕೂತರೆ ಅದಕ್ಕೆ ಒಪ್ಪಿಗೆ ಕೊಟ್ಟಂತೆ.

ಕೃಷ್ಣಾತೀರ:
ಅದು ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯಧಾಮ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಸೆಕ್ಷನ್ ಸರಪಳಿಯನ್ನು ಯಾವ ರೂಪದಲ್ಲೂ ಬಿಡುವುದಿಲ್ಲ. ಸರಪಳಿ ಬಿಚ್ಚದ ಜಾಗದ ಜೊತೆ ಕೆಲಸವೇ ಬೇಡ.

ಹೊಳೆಸಾಲು:
ಅರ್ಚಕರಿಗೆ ಕಾಯಿಲೆಗಳ ಹೆಸರು ಕಲಿಸಲು ಹೋಗುವುದರಿಂದಲೇ ಕೆಲಸ ಕೆಡುವುದು. ಅವರು ಇಷ್ಟು ಕೇಳಿದರೆ ಸಾಕು: ಎಷ್ಟು ದಿನದಿಂದ ನಿದ್ದೆಯಿಲ್ಲ? ಊಟ, ನೀರು ಬಿಟ್ಟಿದ್ದಾರಾ? ಸಾಯುವ ಮಾತಾಡುತ್ತಾರಾ? ಯಾವ ಮಾತ್ರೆ ನುಂಗುತ್ತಿದ್ದಾರೆ? ಜ್ವರದ ಜೊತೆ ಬಡಬಡಿಕೆ ಇದ್ದರೆ, ಬಾಣಂತಿ ಇದ್ದಕ್ಕಿದ್ದಂತೆ ವಿಚಿತ್ರವಾಗಿ ಆಡಿದರೆ, ಪೂಜೆ ಮುಗಿಯಲಿ ಅಂತ ಕಾಯುವಂತಿಲ್ಲ, ಅದೇ ದಿನ ಆಸ್ಪತ್ರೆಗೆ.

ಮಾತ್ರೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಹರಕೆ ಹೊತ್ತವರು ಮಾತ್ರೆ ಬಿಟ್ಟುಬಿಡುತ್ತಾರೆ. ಮೂರ್ಛೆರೋಗದ ಮಾತ್ರೆ ಥಟ್ಟನೆ ನಿಂತರೆ ಫಿಟ್ಸ್ ಮೇಲೆ ಫಿಟ್ಸ್ ಬಂದು ಜೀವಕ್ಕೇ ಕುತ್ತು. ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆಗೆ ಲಿಥಿಯಂ ಮಾತ್ರೆ ತಗೊಳ್ಳುವವರು ನೀರೂ ಕುಡಿಯದೆ ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಮಟ್ಟ ಏರಿ ಕೈನಡುಕ, ವಾಂತಿ, ತೊದಲು ಬರಬಹುದು. ‘ಮಾತ್ರೆ ಬಿಡಬೇಡಮ್ಮ, ದೇವರು ಬೇಡ ಅಂದಿಲ್ಲ’ ಅನ್ನುವ ಮಾತು ಅರ್ಚಕರ ಬಾಯಲ್ಲಿ ಬಂದರೆ ನಾಟುವಷ್ಟು ನಮ್ಮ ಬಾಯಲ್ಲಿ ನಾಟುವುದಿಲ್ಲ.

ತುಂಗಾತೀರ:
ಗುಡಿಯ ವಾಸವೂ ಗುಣ ಕೊಡುತ್ತದೆ. ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮನೋರೋಗಿಗಳಲ್ಲಿ ರೋಗಲಕ್ಷಣದ ಅಂಕ ಸುಮಾರು 20% ಇಳಿದಿತ್ತು, 2002ರಲ್ಲಿ ಪ್ರಕಟವಾದ ಅಧ್ಯಯನ.

ಕೃಷ್ಣಾತೀರ:
ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲವಲ್ಲ. ಅದನ್ನು ನೆಚ್ಚಿ ಮಾತ್ರೆ ನಿಲ್ಲಿಸಲಾಗದು.

ನೀಲಾಂಜನ:
ಗುಟ್ಟಿನ ಗತಿ ಏನು? ಸಣ್ಣ ಊರಲ್ಲಿ ವಿಷಯ ಹೊರಬಿದ್ದರೆ ಹೆಣ್ಣುಮಕ್ಕಳ ಸಂಬಂಧ ಮುರಿದುಬೀಳುತ್ತದೆ.

ಹೊಳೆಸಾಲು:
ನಿಜವಾದ ಭಯ. ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಅನ್ನುತ್ತದೆ. ಹಾಗಾಗಿ ವೈದ್ಯರು ಕೊಡುವ ಚೀಟಿಯಲ್ಲಿ ರೋಗದ ಹೆಸರು ಬೇಡ, ಮತ್ತೆ ಬರುವ ತಾರೀಖು ಮಾತ್ರ ಇರಲಿ. ರೋಗಿ ಒಪ್ಪದೆ ಅರ್ಚಕರಿಗೆ ಏನೂ ಹೇಳಬಾರದು. ಕಳಿಸಿದವರಿಗೆ ತಲೆಗಿಷ್ಟು ಅಂತ ಹಣವನ್ನೂ ಕೊಡಬಾರದು. ಕೊಟ್ಟರೆ ಸಾವಿನ ದುಃಖದಲ್ಲಿರುವವರನ್ನೂ ರೋಗಿ ಅಂತ ಕಳಿಸುತ್ತಾರೆ.

ಕೃಷ್ಣಾತೀರ:
ದಿನವೂ ಸರಿಹೊಂದಬೇಕು. ದರ್ಗಾದಲ್ಲಿ ಜನ ಸೇರುವುದು ಗುರುವಾರ, ಗುಡಿಯಲ್ಲಿ ಅಮಾವಾಸ್ಯೆಗೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಆ ದಿನಗಳಲ್ಲೇ ಬರಲಿ. ಉಳಿದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.