ಹಳೆಯ ಹಿಮದ ಫೋಟೋದಲ್ಲಿ ಆಕಾಶ ಎಲ್ಲಿ ಹೋಯಿತು?

ಬೆಳಕಿಂಡಿ:
ಹಳೆಯ ಗಾಜಿನ ನೆಗೆಟಿವ್ ಒಂದು ಕೈಗೆ ಸಿಕ್ಕಿದೆ, ಸ್ಕ್ಯಾನ್ ಮಾಡಿ ಫೋಟೋ ಆಗಿಸಿ ನೋಡಿದೆ. ಹಿಮ ಮುಚ್ಚಿದ ಹೊಲ, ಹುಲ್ಲಿನ ಹೊರೆ ಎಳೆಯುವ ಕುದುರೆ, ಪಕ್ಕದಲ್ಲಿ ಕವೆಗೋಲು ಹಿಡಿದು ನಿಂತ ರೈತ. ಅವನ ಕೋಟಿನ ಗುಂಡಿಗಳನ್ನೂ ಎಣಿಸಬಹುದು. ಕುದುರೆಯ ತಲೆ ಮಾತ್ರ ಕಲಸಿಹೋಗಿದೆ. ಅದು ಅಲುಗಿರಬೇಕು, ಸರಿ. ಆದರೆ ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದೇ ತಿಳಿಯುತ್ತಿಲ್ಲ, ಎಲ್ಲ ಒಂದೇ ಬಿಳುಪು. ಮೋಡ ಕವಿದಿತ್ತು ಅಂದುಕೊಳ್ಳೋಣವೆಂದರೆ ರೈತನ ಕಾಲಬುಡದಲ್ಲಿ ಉದ್ದ ನೆರಳಿದೆ! ಎರಡು ವಾರದಿಂದ ಇದೇ ಯೋಚನೆ.

ಕೆಂಪುದೀಪ:
ಮೋಡ ಇರಲಿಲ್ಲ, ಬಿಸಿಲೇ ಇತ್ತು. ಆಗಿನ ಸಾಮಾನ್ಯ ಪ್ಲೇಟಿಗೆ (ಬೆಳಕು ಹಿಡಿಯುವ ಲೇಪ ಬಳಿದ ಗಾಜಿಗೆ) ನಾಟುತ್ತಿದ್ದದ್ದು ಮುಖ್ಯವಾಗಿ ನೀಲಿ, ನೇರಳೆ ಬೆಳಕು. ನೀಲಿ ಆಕಾಶವೂ ಅದರ ಪಾಲಿಗೆ ಹಿಮದ ಹಾಗೆ ಬೆಳ್ಳಗೆ. ಹಿಮದ ಮೇಲಿನ ನೆರಳಿಗೆ ಬೆಳಕು ಬರುವುದೂ ಆ ಆಕಾಶದಿಂದಲೇ ತಾನೆ? ಹಾಗಾಗಿ ನೆರಳು ತೆಳುವಾಗಿ, ಹಿಮದ ಉಬ್ಬುತಗ್ಗು ಅಳಿಸಿಹೋಗುತ್ತದೆ. ಬಣ್ಣ ಬೆರೆಸಿ ಪ್ಲೇಟಿಗೆ ಹಸಿರನ್ನೂ ಕಾಣಿಸಬಹುದೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಫೋಗೆಲ್ ಕಂಡುಕೊಂಡದ್ದು 1873ರಲ್ಲಿ.

ಬಿಳುಪಿನ ಮೇಲೆ ಬಿಳುಪು ಎಂದಾಗ ನನಗೆ ವಿಲ್ಸನ್ ಬೆಂಟ್ಲಿ ನೆನಪಾಗುತ್ತಾರೆ. ಅಮೆರಿಕದ ವರ್ಮಾಂಟಿನ ರೈತ. 1885ರ ಜನವರಿಯಲ್ಲಿ, ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೋ ತೆಗೆದರು. ಹರಳು ಎದ್ದು ಕಾಣಲೆಂದು ನೆಗೆಟಿವ್‌ನ ಪ್ರತಿಯಲ್ಲಿ ಅದರ ಸುತ್ತಲಿನ ಲೇಪವನ್ನು ಕೈಯಾರೆ ಕೆರೆದು ತೆಗೆಯುತ್ತಿದ್ದರು. ಆ ತಾಳ್ಮೆಗೆ ನಾನು ಶರಣು.

ಕೊಲೋಡಿಯನ್:
ಪ್ಲೇಟಿನ ಅಂಚು ನೋಡಿ. ಲೇಪ ಏರುಪೇರಾಗಿ, ಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗ ಬರಿದಾಗಿದ್ದರೆ ಅದು ಒದ್ದೆ ಪ್ಲೇಟ್, ಅಂದರೆ ಫೋಟೋಗ್ರಾಫರೇ ಗಾಜಿನ ಮೇಲೆ ಲೇಪ ಸುರಿದು ಹಸಿಯಾಗಿಯೇ ಬಳಸಿದ್ದು. ಆರುವ ಮುಂಚೆ ಅಲ್ಲೇ ಡೆವಲಪ್ ಮಾಡಲೇಬೇಕು. ನಾನು ಈಗಲೂ ಅದೇ ವಿಧಾನದಲ್ಲಿ ತೆಗೆಯುತ್ತೇನೆ. ಚಳಿಗೆ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಮಂಕಾಗುತ್ತದೆ, ತೊಳೆಯುವ ನೀರಿಗೆ ಬೆರಳು ಮರಗಟ್ಟುತ್ತವೆ. ಹೊಲದ ಮಧ್ಯೆ ಡಾರ್ಕ್‌ರೂಮ್ ಗುಡಾರ ಹಾಕಿ ದುಡಿದವರ ಕಷ್ಟ ನನಗೆ ಗೊತ್ತು. 1880ರ ದಶಕದಲ್ಲಿ ಕಾರ್ಖಾನೆಯ ಒಣ ಪ್ಲೇಟ್ ಬಳಕೆಗೆ ಬಂದಮೇಲೆ ಗುಡಾರ ಬೇಕಾಗಲಿಲ್ಲ, ತೆಗೆದದ್ದನ್ನು ಮನೆಗೆ ಒಯ್ದು ತೊಳೆದರಾಯಿತು.

ಇನ್ನೊಂದು ಮಾತು: ಆಕಾಶದ ಭಾಗ ನೆಗೆಟಿವ್‌ನಲ್ಲಿ ಗಟ್ಟಿ ಕಪ್ಪಾಗಿರುತ್ತದೆ. ಹಿಂದಿನಿಂದ ಜೋರು ಬೆಳಕು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ.

ಬೆಳಕಿಂಡಿ:
ಅಂಚು ನೀಟಾಗಿದೆ, ಒಣ ಪ್ಲೇಟೇ ಇರಬೇಕು. ನೀವು ಹೇಳಿದ ಹಾಗೆ ಬೆಳಕು ಹೆಚ್ಚಿಸಿದೆ. ಕುದುರೆಯ ಬೆನ್ನಿನಾಚೆ ಬೇಲಿಯ ಐದು ಗೂಟಗಳು ಕಂಡವು, ಐದನೆಯದರ ಹಿಂದೆ ಒಂದು ಮನೆಯ ಹೊಗೆಗೂಡು.